ಹಬ್ಬದ ನುಡಿ, ಹೊಲದ ನುಡಿ: ಕುಟ್ಸ್‌ಟೌನ್ ಬರೋದಲ್ಲಿ ಪೆನ್ಸಿಲ್ವೇನಿಯಾ ಡಚ್ ಭಾಷೆಯ ಚರಿತ್ರೆ

1. ಪ್ರವೇಶ

ಭಾಷಾ ಪಲ್ಲಟದ ಅಧ್ಯಯನಗಳಲ್ಲಿ ಒಂದು ನಂಬಿಕೆ ಬಹುಕಾಲದಿಂದ ಬೇರುಬಿಟ್ಟಿದೆ. ಸಮುದಾಯವೊಂದು ತನ್ನ ನುಡಿಯ ಬಗ್ಗೆ ಹೆಮ್ಮೆ ತಾಳಿ, ಅದಕ್ಕೆ ನಿಘಂಟು, ವ್ಯಾಕರಣ, ಸಂಸ್ಥೆ ಮತ್ತು ಉತ್ಸವಗಳನ್ನು ಒದಗಿಸಿಕೊಂಡರೆ ಆ ನುಡಿ ಉಳಿಯುತ್ತದೆ; ಹೆಮ್ಮೆ ಕುಂದಿದರೆ ಅಳಿಯುತ್ತದೆ ಎಂಬುದೇ ಆ ನಂಬಿಕೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬರ್ಕ್ಸ್ ಕೌಂಟಿಯಲ್ಲಿರುವ ಕುಟ್ಸ್‌ಟೌನ್ ಎಂಬ ಚಿಕ್ಕ ಪಟ್ಟಣದ ಚರಿತ್ರೆ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುತ್ತದೆ. ಹೆಮ್ಮೆಯ ಎಲ್ಲ ಸಲಕರಣೆಗಳೂ ಇಲ್ಲಿವೆ. ಆದರೆ ಅವನ್ನು ಕಟ್ಟಿಕೊಂಡ ಜನರ ಮನೆಗಳಲ್ಲಿ ಪೆನ್ಸಿಲ್ವೇನಿಯಾ ಡಚ್ ಹೆಚ್ಚುಕಡಿಮೆ ನಿಂತುಹೋಗಿದೆ. ಪಟ್ಟಣದ ಸುತ್ತಲಿನ ಹೊಲಗಳಲ್ಲಿ, ಅದನ್ನು ಹಬ್ಬವಾಗಿ ಆಚರಿಸದ ಜನರ ಬಾಯಲ್ಲಿ, ಅದೇ ಭಾಷೆ ನೆಮ್ಮದಿಯಾಗಿ ಮುಂದುವರಿದಿದೆ.

ಈ ವೈರುಧ್ಯವು ಹೇಗೆ ರೂಪುಗೊಂಡಿತು ಎಂಬುದನ್ನು ಪ್ರಸ್ತುತ ಲೇಖನವು ಊರಿನ ಚರಿತ್ರೆಯ ಮೂಲಕ ಗುರುತಿಸಲು ಯತ್ನಿಸುತ್ತದೆ. ಜೊತೆಗೆ, ಎರಡು ಗುಂಪುಗಳ ವ್ಯಾಕರಣದಲ್ಲಿ ಕಾಣುವ ವ್ಯತ್ಯಾಸಗಳು ಭಾಷೆಯ ಆರೋಗ್ಯವನ್ನು ಕುರಿತ ನಮ್ಮ ಕಲ್ಪನೆಗಳಿಗೆ ಯಾವ ತಿದ್ದುಪಡಿಯನ್ನು ಸೂಚಿಸುತ್ತವೆ ಎಂಬುದನ್ನೂ ಚರ್ಚಿಸುತ್ತದೆ.

2. ಊರು ಮತ್ತು ಅದರ ಹೆಸರುಗಳು

ಪೆನ್ಸಿಲ್ವೇನಿಯಾದಲ್ಲಿ ‘ಬರೋ’ ಎಂಬುದು ನಗರಕ್ಕಿಂತ ಚಿಕ್ಕದಾದ, ತನ್ನದೇ ಮೇಯರ್ ಮತ್ತು ಚುನಾಯಿತ ಮಂಡಲಿಯುಳ್ಳ ಸ್ಥಳೀಯ ಆಡಳಿತ ಘಟಕ. ನ್ಯೂಯಾರ್ಕ್ ಮಹಾನಗರದ ವಿಭಾಗಗಳನ್ನು ಸೂಚಿಸುವ ಇದೇ ಪದದೊಡನೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. ಅಲೆನ್‌ಟೌನ್ ಮತ್ತು ರೆಡಿಂಗ್ ನಗರಗಳ ನಡುವಣ ಹೆದ್ದಾರಿಯಲ್ಲಿರುವ ಕುಟ್ಸ್‌ಟೌನಿಗೆ 1815ರಲ್ಲಿ ಬರೋ ಸ್ಥಾನ ದೊರೆಯಿತು. ಬರ್ಕ್ಸ್ ಕೌಂಟಿಯಲ್ಲಿ ಈ ಸ್ಥಾನ ಪಡೆದ ಊರುಗಳಲ್ಲಿ ರೆಡಿಂಗಿನ ತರುವಾಯ ಇದೇ ಹಳೆಯದು. 2010ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ ಸುಮಾರು 5,000. ವಿದ್ಯುತ್ ವಿತರಣೆಯನ್ನು ಬರೋ ತಾನೇ ನಡೆಸುತ್ತದೆ. 2002ರ ಸುಮಾರಿಗೆ ತನ್ನದೇ ಫೈಬರ್ ಜಾಲವನ್ನೂ ಹಾಕಿಸಿಕೊಂಡಿತು. ಊರಿನ ಒಂದು ತುದಿಯಲ್ಲಿ ವಿಶ್ವವಿದ್ಯಾಲಯವಿದ್ದು, ಅಲ್ಲಿ ಓದುವವರ ಸಂಖ್ಯೆ ಊರಿನ ಜನಸಂಖ್ಯೆಗಿಂತ ಹೆಚ್ಚು. ಚಿತ್ರಕಲಾವಿದ ಕೀತ್ ಹೇರಿಂಗ್ ಬೆಳೆದದ್ದು ಈ ಊರಿನಲ್ಲಿಯೇ.

ಊರಿನ ಹೆಸರುಗಳೇ ಅದರ ಭಾಷಾ ಚರಿತ್ರೆಯ ಪದರಗಳನ್ನು ತೋರಿಸುತ್ತವೆ. ತಳದಲ್ಲಿರುವುದು ಮೂಲನಿವಾಸಿ ಲೆನಾಪೆ ಜನರ ಭಾಷೆ. ಬರೋವನ್ನು ಸುತ್ತುವರಿದಿರುವ ಮ್ಯಾಕ್ಸಟಾನಿ ಎಂಬ ಗ್ರಾಮೀಣ ಘಟಕ, ಊರಿನ ಬಳಿ ಹರಿಯುವ ಸಾಕನಿ ಎಂಬ ಹಳ್ಳ ಎರಡರ ಹೆಸರುಗಳೂ ಲೆನಾಪೆ ಮೂಲದವು. 1898ರಲ್ಲಿ ಈ ಹಳ್ಳದ ದಡದಲ್ಲಿ ಆರಂಭವಾದ ಪಾದರಕ್ಷೆಯ ಕಾರ್ಖಾನೆಯೊಂದು ಅದರ ಹೆಸರನ್ನೇ ಇಟ್ಟುಕೊಂಡಿತು. ಇಂದು ಸಾಕನಿ ಎಂಬುದು ಓಟದ ಷೂಗಳ ಜಾಗತಿಕ ಬ್ರ್ಯಾಂಡ್. ಭಾಷಿಕರು ನೆಲದಿಂದ ದೂರವಾದ ಮೇಲೂ ಸ್ಥಳನಾಮಗಳು ಉಳಿಯುತ್ತವೆ, ಮಾರುಕಟ್ಟೆಗೂ ಹೋಗುತ್ತವೆ ಎಂಬುದಕ್ಕೆ ಇದು ಸಾಕಷ್ಟು ಉದಾಹರಣೆ.

ಎರಡನೆಯ ಪದರ ಜರ್ಮನ್ ವಲಸಿಗರದು. ಜಾರ್ಜ್ ಕುಟ್ಸ್ ಎಂಬಾತ 1755ರಲ್ಲಿ ಇಲ್ಲಿ ಭೂಮಿ ಕೊಂಡು, 1779ರಲ್ಲಿ ಊರಿನ ನಕ್ಷೆ ಹಾಕಿದ. ಅವನ ಹೆಸರನ್ನು ಇಂಗ್ಲಿಷ್ ಕಾಗುಣಿತಕ್ಕೆ ಒಗ್ಗಿಸಿ ಊರನ್ನು ಮೊದಲಿಗೆ ಕೂಟ್ಸ್‌ಟೌನ್ ಎಂದು ಬರೆಯುತ್ತಿದ್ದರು. ಡಚ್ ಮಾತಾಡುವವರಿಗೆ ಅದು ‘ಕುಟ್ಸೆಷ್ಟೆಡ್ಲ್’, ಅಂದರೆ ಕುಟ್ಸನ ಪುಟ್ಟ ಪಟ್ಟಣ. ಒಂದೇ ಊರಿಗೆ ಇಂಗ್ಲಿಷಿನಲ್ಲಿ ‘ಟೌನ್’, ಮನೆಮಾತಿನಲ್ಲಿ ಅಲ್ಪಾರ್ಥ ಪ್ರತ್ಯಯ ಹತ್ತಿದ ‘ಷ್ಟೆಡ್ಲ್’. ಕಾಗದದ ಹೆಸರು ಬೇರೆ, ಕರೆಯುವ ಹೆಸರು ಬೇರೆ ಎಂಬ ಈ ವಿಂಗಡಣೆಯು ಮುಂದಿನ ಎರಡು ಶತಮಾನಗಳ ಭಾಷಾ ವ್ಯವಸ್ಥೆಯ ಸೂಚನೆಯಂತಿದೆ.

‘ಡಚ್’ ಎಂಬ ಪದದ ಬಗ್ಗೆಯೂ ಇಲ್ಲಿಯೇ ಒಂದು ಮಾತು ಅಗತ್ಯ. ಇದು ‘ಡೈಚ್’ ಎಂಬುದರ ತಪ್ಪು ಉಚ್ಚಾರಣೆಯಿಂದ ಹುಟ್ಟಿದ ಹೆಸರೆಂದು ಜನಪ್ರಿಯ ಬರಹಗಳು ಹೇಳುವುದುಂಟು. ವಾಸ್ತವದಲ್ಲಿ ಹದಿನೆಂಟನೆಯ ಶತಮಾನದ ಇಂಗ್ಲಿಷಿನಲ್ಲಿ ‘ಡಚ್’ ಎಂಬುದು ನೆದರ್ಲೆಂಡಿನವರನ್ನು ಮಾತ್ರವಲ್ಲದೆ ರೈನ್ ನದಿಯ ಮೇಲ್ಕಣಿವೆಯ ಜರ್ಮನ್ ಭಾಷಿಕರನ್ನೂ ಒಳಗೊಳ್ಳುತ್ತಿತ್ತು. ಹೆಸರು ಹಳೆಯ ಅರ್ಥದಲ್ಲಿ ನಿಂತಿದೆ, ಬದಲಾದದ್ದು ಇಂಗ್ಲಿಷ್.

3. ಮೂರು ಭಾಷೆಗಳ ವ್ಯವಸ್ಥೆ

1683ರಲ್ಲಿ ಫಿಲಡೆಲ್ಫಿಯಾದ ಬಳಿ ಜರ್ಮನ್‌ಟೌನ್ ಸ್ಥಾಪನೆಯಾದಂದಿನಿಂದ ಅಮೆರಿಕದ ಸ್ವಾತಂತ್ರ್ಯ ಸಮರದವರೆಗೆ ಹತ್ತಾರು ಸಾವಿರ ಜರ್ಮನ್ ಭಾಷಿಕರು ಪೆನ್ಸಿಲ್ವೇನಿಯಾಕ್ಕೆ ಬಂದರು. ಹದಿನೆಂಟನೆಯ ಶತಮಾನದ ಕೊನೆಗೆ ಆ ರಾಜ್ಯದ ಜನರಲ್ಲಿ ಸುಮಾರು ಮೂರನೆಯ ಒಂದು ಭಾಗ ಇವರೇ ಇದ್ದರೆಂದು ಅಂದಾಜು. ಇವರ ಬಾಹುಳ್ಯ ಕಂಡು ಬೆಂಜಮಿನ್ ಫ್ರಾಂಕ್ಲಿನ್ 1751ರ ತನ್ನ ಪ್ರಬಂಧದಲ್ಲಿ, ವಸಾಹತು ಇಂಗ್ಲಿಷರದಾಗಿ ಉಳಿಯುವುದೇ ಎಂಬ ಆತಂಕವನ್ನು ಕಟುವಾಗಿಯೇ ವ್ಯಕ್ತಪಡಿಸಿದ್ದ.

ಬಂದವರು ನೈಋತ್ಯ ಜರ್ಮನಿಯ ಬೇರೆ ಬೇರೆ ಪ್ರದೇಶಗಳಿಗೆ ಸೇರಿದವರಾದರೂ ಪಲಾಟಿನೇಟ್ ಪ್ರಾಂತದವರ ಸಂಖ್ಯೆ ದೊಡ್ಡದಿತ್ತು. ಹೊಸ ನೆಲದಲ್ಲಿ ಅವರ ಉಪಭಾಷೆಗಳು ಬೆರೆತು ಸಮತಲಗೊಂಡು, ಪಲಾಟಿನೇಟಿನ ಪೂರ್ವಭಾಗದ ನುಡಿಗೆ ಅತಿ ಸಮೀಪವಾದ, ಆದರೆ ಅದರಂತೆಯೇ ಅಲ್ಲದ ಹೊಸ ಭಾಷೆಯೊಂದು ರೂಪುಗೊಂಡಿತು. ಆದ್ದರಿಂದ ಇದನ್ನು ಜರ್ಮನಿಯಿಂದ ತಂದ ಉಪಭಾಷೆ ಎನ್ನುವುದಕ್ಕಿಂತ ಅಮೆರಿಕದಲ್ಲಿ ಹುಟ್ಟಿದ ಭಾಷೆ ಎನ್ನುವುದೇ ಹೆಚ್ಚು ಸರಿ. ಮಾರ್ಕ್ ಲೌಡನ್ 2016ರಲ್ಲಿ ಪ್ರಕಟಿಸಿದ ತನ್ನ ವಿಸ್ತೃತ ಗ್ರಂಥದ ಉಪಶೀರ್ಷಿಕೆಯಲ್ಲಿಯೇ ಇದನ್ನು ಅಮೆರಿಕನ್ ಭಾಷೆ ಎಂದು ಕರೆದಿರುವುದು ಈ ಅರ್ಥದಲ್ಲಿ.

ಕುಟ್ಸ್‌ಟೌನಿನ ಜನರು ಬಹುಪಾಲು ಲೂಥರನ್ ಮತ್ತು ರಿಫಾರ್ಮ್ಡ್ ಚರ್ಚುಗಳಿಗೆ ಸೇರಿದವರು. ಸರಳ ಉಡುಪಿನ ಆಮಿಶ್ ಮತ್ತು ಮೆನೊನೈಟ್ ಪಂಥಗಳವರನ್ನು ‘ಪ್ಲೇನ್’ ಎಂದೂ, ಇವರನ್ನು ‘ಫ್ಯಾನ್ಸಿ’ ಎಂದೂ ಇಂಗ್ಲಿಷಿನಲ್ಲಿ ವಿಂಗಡಿಸುವ ರೂಢಿಯಿದೆ. ಈ ಲೇಖನದಲ್ಲಿ ಅವರನ್ನು ಅನುಕ್ರಮವಾಗಿ ಸರಳಪಂಥೀಯರು, ಚರ್ಚಿನವರು ಎಂದು ಕರೆಯಲಾಗುವುದು. ಹತ್ತೊಂಬತ್ತನೆಯ ಶತಮಾನದವರೆಗೂ ಸಂಖ್ಯೆಯಲ್ಲಿ ಚರ್ಚಿನವರದೇ ಮೇಲುಗೈ. ಪೆನ್ಸಿಲ್ವೇನಿಯಾ ಡಚ್ ಸಾಹಿತ್ಯವೂ ಮುಖ್ಯವಾಗಿ ಅವರದೇ.

ಅವರ ಬದುಕಿನಲ್ಲಿ ಮೂರು ಭಾಷೆಗಳಿಗೆ ಮೂರು ನೆಲೆಗಳಿದ್ದವು. ಮನೆ, ಕೊಟ್ಟಿಗೆ ಮತ್ತು ನೆರೆಹೊರೆಗೆ ಡಚ್. ಬೈಬಲ್, ಪ್ರಾರ್ಥನೆ ಮತ್ತು ಅಚ್ಚಾದ ಪತ್ರಿಕೆಗೆ ಶಿಷ್ಟ ಜರ್ಮನ್. ನ್ಯಾಯಾಲಯ ಮತ್ತು ಹೊರಗಿನ ವ್ಯಾಪಾರಕ್ಕೆ ಇಂಗ್ಲಿಷ್. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಡಚ್ ಭಾಷೆಗೆ ಬರಹದ ಗೌರವ ಎಂದೂ ಇರಲಿಲ್ಲ. ಆದರೂ ಅದು ಉಳಿದಿತ್ತು. ಅದರ ಉಳಿವಿಗೆ ಕಾರಣ ಗೌರವವಾಗಿರದೆ ನೆಲೆಯಾಗಿತ್ತು: ಮನೆಯ ಮಾತಾಗಿ ಅದರ ಜಾಗಕ್ಕೆ ಬೇರೊಂದು ಭಾಷೆ ಪೈಪೋಟಿ ನೀಡುತ್ತಿರಲಿಲ್ಲ.

4. ಏಣಿಯಾದ ಮನೆಮಾತು

ಈ ವ್ಯವಸ್ಥೆಯ ಸಡಿಲಿಕೆ ಶಾಲೆಯಿಂದ ಆರಂಭವಾಯಿತು ಎನ್ನಬಹುದು. ಪೆನ್ಸಿಲ್ವೇನಿಯಾ ರಾಜ್ಯವು 1834ರಲ್ಲಿ ಉಚಿತ ಸಾರ್ವಜನಿಕ ಶಾಲೆಗಳ ಕಾಯಿದೆಯನ್ನು ತಂದಿತು. ಚರ್ಚುಗಳ ಆಶ್ರಯದಲ್ಲಿ ಶಾಲೆ ನಡೆಸುತ್ತಿದ್ದ ಜರ್ಮನ್ ಪ್ರದೇಶಗಳಲ್ಲಿ ಇದಕ್ಕೆ ಬಲವಾದ ವಿರೋಧವಿತ್ತು. ತೆರಿಗೆಯ ಭಾರ, ಧರ್ಮಶಿಕ್ಷಣದ ನಷ್ಟ, ಇಂಗ್ಲಿಷಿನ ಪ್ರವೇಶ ಇವು ಮೂರೂ ಆ ವಿರೋಧದಲ್ಲಿ ಬೆರೆತಿದ್ದವು. ಆದರೂ ಸಾರ್ವಜನಿಕ ಶಾಲೆ ನೆಲೆಯೂರಿತು. ಅದಕ್ಕೆ ಶಿಕ್ಷಕರು ಬೇಕಾದರು. 1866ರಲ್ಲಿ ಕುಟ್ಸ್‌ಟೌನಿನಲ್ಲಿ ಕೀಸ್ಟೋನ್ ಸ್ಟೇಟ್ ನಾರ್ಮಲ್ ಸ್ಕೂಲ್ ಎಂಬ ಶಿಕ್ಷಕರ ತರಬೇತಿ ಸಂಸ್ಥೆ ಸ್ಥಾಪನೆಯಾಯಿತು. ಇಂದಿನ ಕುಟ್ಸ್‌ಟೌನ್ ವಿಶ್ವವಿದ್ಯಾಲಯದ ಮೂಲ ಅದೇ.

1870ರ ದಶಕದಲ್ಲಿ ಈ ಸಂಸ್ಥೆಯ ಪ್ರಾಂಶುಪಾಲನಾಗಿದ್ದ ಎ. ಆರ್. ಹಾರ್ನ್ ಲೂಥರನ್ ಪಾದ್ರಿ. ಸ್ವತಃ ಡಚ್ ಭಾಷಿಕ. ಅವನು 1875ರಲ್ಲಿ ಪ್ರಕಟಿಸಿದ ಪೆನ್ಸಿಲ್ವೇನಿಯಾ ಜರ್ಮನ್ ಕೈಪಿಡಿ ನಮ್ಮ ಚರ್ಚೆಗೆ ಬಹು ಮುಖ್ಯ. ಡಚ್ ಪದಗಳು, ಗಾದೆಗಳು, ಗದ್ಯಪದ್ಯದ ಮಾದರಿಗಳು ಮತ್ತು ಪದಕೋಶವನ್ನು ಒಳಗೊಂಡ ಈ ಪುಸ್ತಕವು ಆ ಭಾಷೆಯ ಆರಂಭಿಕ ದಾಖಲೆಗಳಲ್ಲಿ ಒಂದು. ಆದರೆ ಅದು ತನ್ನ ಶೀರ್ಷಿಕೆಯಲ್ಲಿಯೇ ಘೋಷಿಸಿಕೊಳ್ಳುವ ಉದ್ದೇಶ, ಇಂಗ್ಲಿಷಿನ ಉಚ್ಚಾರಣೆ, ಮಾತು ಮತ್ತು ಬರಹವನ್ನು ಕಲಿಸುವುದು. ಮಗು ತಿಳಿದಿರುವ ಭಾಷೆಯ ಮೂಲಕವೇ ತಿಳಿಯದ ಭಾಷೆಗೆ ಅದನ್ನು ಕರೆದೊಯ್ಯಬೇಕು ಎಂಬುದು ಅದರ ಹಿಂದಿನ ಬೋಧನ ತತ್ತ್ವ. ಇಂದಿನ ಮಾತೃಭಾಷಾಧಾರಿತ ಬಹುಭಾಷಾ ಶಿಕ್ಷಣದ ಪ್ರತಿಪಾದಕರು ಒಪ್ಪುವಂಥ ತತ್ತ್ವವೇ ಅದು.

ಹಾರ್ನನ ಯೋಜನೆಯಲ್ಲಿ ಮನೆಮಾತಿಗೆ ಅವಮಾನವಿಲ್ಲ, ಪ್ರೀತಿಯೇ ಇದೆ. ಆದರೆ ಅದರ ಸ್ಥಾನ ಏಣಿಯದು. ಏಣಿಯನ್ನು ಹತ್ತಿ ಮುಗಿದ ಮೇಲೆ ಅದರ ಮೇಲೆಯೇ ನಿಂತಿರಬೇಕೆಂದು ಯಾರೂ ಬಯಸುವುದಿಲ್ಲ. ಕುಟ್ಸ್‌ಟೌನಿನಲ್ಲಿ ತರಬೇತಿ ಪಡೆದ ಶಿಕ್ಷಕರು ಸುತ್ತಲಿನ ಹಳ್ಳಿಗಳ ಶಾಲೆಗಳಿಗೆ ಹೋದರು. ಪಲ್ಲಟವನ್ನು ಹೇರಿದವರು ಹೊರಗಿನವರಲ್ಲ, ಭಾಷೆಯನ್ನು ಬಲ್ಲ ಒಳಗಿನವರೇ ಅದಕ್ಕೆ ಹಾದಿ ಮಾಡಿಕೊಟ್ಟರು ಎಂಬುದು ಈ ಊರಿನ ಚರಿತ್ರೆಯ ವಿಶಿಷ್ಟ ಅಂಶ.

ಚರ್ಚಿನಲ್ಲಿಯೂ ಬದಲಾವಣೆ ಬಂತು. ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ ಸಭೆಗಳು ಜರ್ಮನ್ ಆರಾಧನೆಯಿಂದ ಇಂಗ್ಲಿಷಿಗೆ ಹೊರಳಿದವು. ಮೊದಲ ಮಹಾಯುದ್ಧದ ಜರ್ಮನ್ ವಿರೋಧಿ ವಾತಾವರಣವೇ ಪೆನ್ಸಿಲ್ವೇನಿಯಾ ಡಚ್ಚನ್ನು ಕೊಂದಿತೆಂಬ ವಿವರಣೆ ಆಕರ್ಷಕವಾದರೂ ಸಾಲದು. ಇವರ ಪೂರ್ವಜರು ಜರ್ಮನಿಯನ್ನು ತೊರೆದು ಒಂದೂವರೆ ಶತಮಾನವೇ ಕಳೆದಿತ್ತು. ತಮ್ಮನ್ನು ಅವರು ಡಚ್ ಎಂದೇ ತಿಳಿದಿದ್ದರು, ಜರ್ಮನ್ನರೆಂದಲ್ಲ. ನಿರ್ಣಾಯಕವಾದದ್ದು ಹೊಲದಿಂದ ಕಾರ್ಖಾನೆಗೆ ಮತ್ತು ನಗರಕ್ಕೆ ನಡೆದ ಚಲನೆ, ರಸ್ತೆ ಮತ್ತು ಮೋಟಾರು ವಾಹನ, ಅನ್ಯಭಾಷಿಕರೊಡನೆ ಮದುವೆ. ತಂದೆ ತಾಯಿಗಳಲ್ಲಿ ಒಬ್ಬರಿಗೆ ಮಾತ್ರ ಡಚ್ ಬರುವ ಮನೆಯಲ್ಲಿ ಮಗುವಿನೊಡನೆ ಇಂಗ್ಲಿಷೇ ಉಳಿಯಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಚರ್ಚಿನವರ ಮನೆಗಳಲ್ಲಿ ಮಕ್ಕಳಿಗೆ ಡಚ್ ಕಲಿಸುವುದು ಬಹುತೇಕ ನಿಂತಿತ್ತು.

5. ಹಬ್ಬದ ಆರಂಭ

ಈ ಕಾಲಾನುಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಘಟನೆಗಳನ್ನು ನೋಡಬೇಕು. 1930ರ ದಶಕದಲ್ಲಿ ಗ್ರೌಂಡ್‌ಹಾಗ್ ಎಂಬ ಬಿಲವಾಸಿ ಪ್ರಾಣಿಯ ಹೆಸರಿನಲ್ಲಿ ‘ಗ್ರುಂಡ್‌ಸೌ’ ಕೂಟಗಳು ಆರಂಭವಾದವು. ವರ್ಷಕ್ಕೊಮ್ಮೆ ಸೇರುವ ಈ ಔತಣಕೂಟಗಳಲ್ಲಿ ಭಾಷಣ, ಹಾಸ್ಯ, ಹಾಡು ಎಲ್ಲವೂ ಡಚ್ಚಿನಲ್ಲಿ. ಇಂಗ್ಲಿಷ್ ಮಾತಾಡಿದವರಿಗೆ ದಂಡ. ದಂಡ ವಿಧಿಸಿ ಕಾಪಾಡಬೇಕಾದ ಸ್ಥಿತಿಗೆ ಭಾಷೆ ಬಂದಿತ್ತೆಂಬುದನ್ನು ಈ ತಮಾಷೆಯ ನಿಯಮವೇ ಹೇಳುತ್ತದೆ.

1949ರಲ್ಲಿ ಲ್ಯಾಂಕಾಸ್ಟರಿನ ಫ್ರಾಂಕ್ಲಿನ್ ಅಂಡ್ ಮಾರ್ಷಲ್ ಕಾಲೇಜಿನ ಮೂವರು ವಿದ್ವಾಂಸರಾದ ಆಲ್ಫ್ರೆಡ್ ಶೂಮೇಕರ್, ಡಾನ್ ಯೋಡರ್ ಮತ್ತು ಜೆ. ವಿಲಿಯಂ ಫ್ರೈ ಪೆನ್ಸಿಲ್ವೇನಿಯಾ ಡಚ್ ಜಾನಪದ ಕೇಂದ್ರವನ್ನು ಕಟ್ಟಿದರು. 1950ರ ಬೇಸಗೆಯಲ್ಲಿ ಅವರು ಕುಟ್ಸ್‌ಟೌನಿನಲ್ಲಿ ನಡೆಸಿದ ಜಾನಪದ ಉತ್ಸವವು ಅಮೆರಿಕದಲ್ಲಿ ಈ ಬಗೆಯ ಉತ್ಸವಗಳಿಗೆ ಮಾದರಿಯಾಯಿತು. ಕೌದಿ ಹೊಲಿಗೆ, ಕುಂಬಾರಿಕೆ, ಅಡುಗೆ, ಕೃಷಿಯ ಹಳೆಯ ಸಲಕರಣೆಗಳ ಬಳಕೆ ಇವೆಲ್ಲ ವಸ್ತುಸಂಗ್ರಹಾಲಯದ ಗಾಜಿನಾಚೆ ಇರದೆ, ಬಲ್ಲವರ ಕೈಯಲ್ಲೇ ಕಾಣಸಿಗುತ್ತಿದ್ದವು. ಯೋಡರ್ ಮುಂದೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅಮೆರಿಕದ ಜಾನಪದ ಜೀವನ ಅಧ್ಯಯನದ ಪ್ರವರ್ತಕರಲ್ಲಿ ಒಬ್ಬರಾದರು. ಇಂದಿಗೂ ಜುಲೈ ಆರಂಭದ ಆಸುಪಾಸಿನಲ್ಲಿ ಈ ಉತ್ಸವ ನಡೆಯುತ್ತದೆ.

ಬರಹದ ಬದಿಯಲ್ಲಿಯೂ ಇದೇ ಕಾಲ ಸಮೃದ್ಧವಾಗಿತ್ತು. ಬಫಿಂಗ್ಟನ್ ಮತ್ತು ಬಾರ್ಬಾ ಅವರ ವ್ಯಾಕರಣ, ರೀಡ್ ಮತ್ತು ಸೈಫರ್ಟ್ ಅವರ ಭಾಷಾ ಭೂಪಟ ಎರಡೂ ಹೊರಬಂದದ್ದು 1954ರಲ್ಲಿ. 1991ರಲ್ಲಿ ಕುಟ್ಸ್‌ಟೌನ್ ವಿಶ್ವವಿದ್ಯಾಲಯದಲ್ಲಿ ಪೆನ್ಸಿಲ್ವೇನಿಯಾ ಜರ್ಮನ್ ಸಾಂಸ್ಕೃತಿಕ ಪರಂಪರೆಯ ಕೇಂದ್ರ ಸ್ಥಾಪನೆಯಾಯಿತು. 1997ರಲ್ಲಿ ಮೈಕೆಲ್ ವೆರ್ನರ್ ಆರಂಭಿಸಿದ ‘ಹಿವ್ವೆ ವಿ ಡ್ರಿವ್ವೆ’ ಎಂಬ ಡಚ್ ಪತ್ರಿಕೆಗೂ ಈ ಕೇಂದ್ರದ ಸಹಯೋಗವಿದೆ. ಆ ಹೆಸರಿನ ಅರ್ಥ ‘ಈ ದಡದಲ್ಲಿರುವಂತೆಯೇ ಆ ದಡದಲ್ಲೂ’.

ನುಡಿಯನ್ನು ಶಾಲೆಯ ಏಣಿಯಾಗಿ ಮಾಡಿದ ಸಂಸ್ಥೆಯೇ ನೂರಕ್ಕೂ ಹೆಚ್ಚು ವರ್ಷಗಳ ನಂತರ ಅದರ ಭಂಡಾರವಾಯಿತು. ಇದರಲ್ಲಿ ವ್ಯಂಗ್ಯವನ್ನಷ್ಟೇ ಕಾಣುವುದು ಅನ್ಯಾಯವಾದೀತು. ಈ ಕೆಲಸವಿಲ್ಲದಿದ್ದರೆ ಚರ್ಚಿನವರ ಡಚ್ಚಿನ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ಬಹುಭಾಗ ಉಳಿಯುತ್ತಿರಲಿಲ್ಲ. ಆದರೆ ಕಾಲಾನುಕ್ರಮವಂತೂ ಸ್ಪಷ್ಟ: ಕೂಟ, ಉತ್ಸವ, ವ್ಯಾಕರಣ, ಕೇಂದ್ರ ಇವೆಲ್ಲವೂ ಮನೆಯಲ್ಲಿ ಹಸ್ತಾಂತರ ಕ್ಷೀಣಿಸುತ್ತಿದ್ದಾಗ ಅಥವಾ ನಿಂತ ಮೇಲೆ ಬಂದವು.

6. ಬಂಡಿಯಲ್ಲಿ ಬಂದ ನುಡಿ

ಉತ್ಸವ ಆರಂಭವಾದ ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ಕುಟ್ಸ್‌ಟೌನಿನ ಸುತ್ತಲಿನ ಜಮೀನುಗಳಿಗೆ ಹೊಸ ರೈತರು ಬರತೊಡಗಿದರು. ಇವರು ಲ್ಯಾಂಕಾಸ್ಟರ್ ಕೌಂಟಿಯ ಹಳೆಯ ಕಟ್ಟಳೆಯ ಮೆನೊನೈಟರು. ಲ್ಯಾಂಕಾಸ್ಟರಿನಲ್ಲಿ ಭೂಮಿ ವಿರಳವೂ ದುಬಾರಿಯೂ ಆಗಿತ್ತು. ಕುದುರೆ ಬಂಡಿಯಲ್ಲಿ ಓಡಾಡುವ, ಹೊಲಕ್ಕೆ ಉಕ್ಕಿನ ಗಾಲಿಯ ಟ್ರ್ಯಾಕ್ಟರ್ ಬಳಸುವ ಈ ಜನರ ಮನೆಮಾತು ಪೆನ್ಸಿಲ್ವೇನಿಯಾ ಡಚ್.

ಈ ಪಂಥದ ಚರಿತ್ರೆಯಲ್ಲಿ ಭಾಷಾವಿಜ್ಞಾನಿಗೆ ಉಪಯುಕ್ತವಾದ ಒಂದು ಕವಲಿದೆ. 1927ರಲ್ಲಿ ಲ್ಯಾಂಕಾಸ್ಟರಿನ ವೀವರ್‌ಲೆಂಡ್ ಸಭೆಯು ಸದಸ್ಯರಿಗೆ ಮೋಟಾರು ಕಾರನ್ನು ಅನುಮತಿಸಿದಾಗ, ಅದನ್ನು ಒಪ್ಪದವರು ಗ್ರಾಫ್‌ಡೇಲ್ ಸಭೆಯಾಗಿ ಬೇರೆಯಾದರು. ಒಂದೇ ಪ್ರದೇಶ, ಒಂದೇ ಮತ, ಒಂದೇ ಮನೆಮಾತು, ಎಷ್ಟೋ ವೇಳೆ ಒಂದೇ ಮನೆತನ. ತರುವಾಯದ ದಶಕಗಳಲ್ಲಿ ಕಾರಿನ ಗುಂಪು ಇಂಗ್ಲಿಷಿಗೆ ಹೊರಳಿತು, ಬಂಡಿಯ ಗುಂಪು ಡಚ್ಚನ್ನು ಉಳಿಸಿಕೊಂಡಿತು. ಕಾರೇ ಭಾಷೆಯನ್ನು ಅಳಿಸಿತು ಎನ್ನುವಂತಿಲ್ಲ. ಆದರೆ ಕುದುರೆಯ ನಡಿಗೆ ಸಂಪರ್ಕದ ವ್ಯಾಪ್ತಿಯನ್ನು ನಿಗದಿಗೊಳಿಸುತ್ತದೆ: ಮದುವೆ, ದುಡಿಮೆ, ಆರಾಧನೆ, ಶಾಲೆ ಎಲ್ಲವೂ ಬಂಡಿ ಮುಟ್ಟುವಷ್ಟು ದೂರದಲ್ಲಿರಬೇಕು. ಆ ವ್ಯಾಪ್ತಿಯೊಳಗೆ ಡಚ್ ಬಲ್ಲವರೇ ತುಂಬಿದ್ದರೆ ಭಾಷೆಗೆ ಬೇರೆ ರಕ್ಷಣೆ ಬೇಕಿಲ್ಲ. ಕುಟ್ಸ್‌ಟೌನಿನ ಬಳಿ ನೆಲೆಸಿದವರು ಈ ಬಂಡಿಯ ಗುಂಪಿನವರು.

ಶಾಲೆಯ ವಿಷಯದಲ್ಲಿ ಸರಳಪಂಥೀಯರು ಎಂಟನೆಯ ತರಗತಿಯವರೆಗೆ ತಮ್ಮದೇ ಚಿಕ್ಕ ಶಾಲೆಗಳನ್ನು ನಡೆಸುತ್ತಾರೆ. 1972ರ ವಿಸ್ಕಾನ್ಸಿನ್ ವಿರುದ್ಧ ಯೋಡರ್ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಆಮಿಶ್ ಮಕ್ಕಳನ್ನು ಎಂಟನೆಯ ತರಗತಿಯ ನಂತರ ಕಡ್ಡಾಯ ಶಿಕ್ಷಣದಿಂದ ಬಿಡುಗಡೆ ಮಾಡಿತು. ತೀರ್ಪು ಧರ್ಮಸ್ವಾತಂತ್ರ್ಯವನ್ನು ಕುರಿತದ್ದೇ ಹೊರತು ಭಾಷೆಯನ್ನು ಕುರಿತದ್ದಲ್ಲ. ಅದರ ಪರಿಣಾಮ ಮಾತ್ರ ಭಾಷೆಗೂ ತಟ್ಟಿತು. ಕುತೂಹಲದ ಸಂಗತಿಯೆಂದರೆ ಈ ಶಾಲೆಗಳ ಬೋಧನ ಮಾಧ್ಯಮ ಇಂಗ್ಲಿಷೇ. ಡಚ್ಚನ್ನು ಅಲ್ಲಿ ಪಾಠವಾಗಿ ಕಲಿಸುವುದಿಲ್ಲ. ಕಲಿಸಬೇಕಾದ ಅಗತ್ಯವೂ ಇಲ್ಲ. ಮಕ್ಕಳು ಅದನ್ನು ಮನೆಯಿಂದಲೇ ತರುತ್ತಾರೆ. 2020ರ ಹೊತ್ತಿಗೆ ಉತ್ತರ ಅಮೆರಿಕದ ಆಮಿಶರ ಸಂಖ್ಯೆಯೇ 3 ಲಕ್ಷವನ್ನು ದಾಟಿದೆ, ಸುಮಾರು ಎರಡು ದಶಕಗಳಿಗೊಮ್ಮೆ ಇಮ್ಮಡಿಯಾಗುತ್ತಿದೆ. ಹೀಗಾಗಿ ಪೆನ್ಸಿಲ್ವೇನಿಯಾ ಡಚ್ಚನ್ನು ಒಟ್ಟಾರೆಯಾಗಿ ಅಳಿವಿನಂಚಿನ ಭಾಷೆ ಎನ್ನಲಾಗದು. ಅಳಿಯುತ್ತಿರುವುದು ಚರ್ಚಿನವರ ಡಚ್.

ಕುಟ್ಸ್‌ಟೌನಿನ ಸುತ್ತ ಕಣ್ಣಾಡಿಸಿದರೆ ಈ ತಿರುವುಮುರುವು ಕಣ್ಣಿಗೇ ಕಾಣುತ್ತದೆ. ಕೊಟ್ಟಿಗೆಗಳ ಗೋಡೆಯ ಮೇಲೆ ಬಣ್ಣದ ನಕ್ಷತ್ರಗಳನ್ನು ಬಿಡಿಸುವುದು ಚರ್ಚಿನವರ ಪರಂಪರೆ. ಸರಳಪಂಥೀಯರ ಕೊಟ್ಟಿಗೆಗಳಿಗೆ ಆ ಅಲಂಕಾರವಿಲ್ಲ. ಡಚ್ ಸಂಸ್ಕೃತಿಯ ಲಾಂಛನವೆಂದು ಪ್ರವಾಸಿಗರು ಕೊಳ್ಳುವ ನಕ್ಷತ್ರ ಭಾಷೆ ನಿಂತುಹೋದ ಮನೆಗೆ ಸೇರಿದ್ದು. ಭಾಷೆ ಉಳಿದಿರುವ ಕೊಟ್ಟಿಗೆಯ ಗೋಡೆ ಬರಿದು.

7. ವ್ಯಾಕರಣದ ಸಾಕ್ಷ್ಯ

ಎರಡು ಗುಂಪುಗಳ ಭಾಷೆಯನ್ನು ಮೇರಿಯನ್ ಲೋಯಿಸ್ ಹಫೈನ್ಸ್ 1980ರ ದಶಕದಲ್ಲಿ ತುಲನಾತ್ಮಕವಾಗಿ ಪರಿಶೀಲಿಸಿದರು. ಅವರ ಫಲಿತಾಂಶಗಳು ಮೊದಲ ನೋಟಕ್ಕೆ ನಿರೀಕ್ಷೆಯ ವಿರುದ್ಧ ದಿಕ್ಕಿನಲ್ಲಿವೆ.

ಪೆನ್ಸಿಲ್ವೇನಿಯಾ ಡಚ್ಚಿನಲ್ಲಿ ಷಷ್ಠಿ ವಿಭಕ್ತಿ ಇಲ್ಲವಾಗಿದ್ದು, ಒಡೆತನವನ್ನು ಚತುರ್ಥಿಯ ಮೂಲಕ ಸೂಚಿಸುವುದು ಸಾಂಪ್ರದಾಯಿಕ ರೂಪ. ‘ಎಮ್ ಮಾನ್ ಸೈ ಹೂಟ್’ ಎಂಬ ಪದಪುಂಜದ ಅಕ್ಷರಶಃ ಅರ್ಥ ‘ಮನುಷ್ಯನಿಗೆ ಅವನ ಟೋಪಿ’, ತಾತ್ಪರ್ಯ ‘ಮನುಷ್ಯನ ಟೋಪಿ’. ‘ನನಗೆ ಇಬ್ಬರು ಮಕ್ಕಳು’ ಎನ್ನುವ ಕನ್ನಡಿಗರಿಗೆ ಚತುರ್ಥಿಗೂ ಒಡೆತನಕ್ಕೂ ಇರುವ ಈ ನಂಟು ಅಪರಿಚಿತವೇನಲ್ಲ. ಮೇಲೆ ಹೇಳಿದ ಹಾರ್ನನ ಕೈಪಿಡಿಯ ನಂತರದ ಆವೃತ್ತಿಯ ಡಚ್ ಶೀರ್ಷಿಕೆಯೂ ‘ಎಮ್ ಹಾರ್ನ್ ಸೈ’ ಎಂದೇ ಆರಂಭವಾಗುತ್ತದೆ: ಹಾರ್ನನಿಗೆ ಅವನ ಪುಸ್ತಕ.

ಹಫೈನ್ಸ್ ಕಂಡಂತೆ ಈ ಚತುರ್ಥಿಯನ್ನು ಚೆನ್ನಾಗಿ ಉಳಿಸಿಕೊಂಡವರು ಚರ್ಚಿನವರಲ್ಲಿನ ವಯಸ್ಸಾದ ಸಹಜ ಭಾಷಿಕರು. ಸರಳಪಂಥೀಯರ ಮಾತಿನಲ್ಲಿ ಚತುರ್ಥಿ ಬಹುಮಟ್ಟಿಗೆ ಕರಗಿ, ‘ದರ್ ಮಾನ್ ಸೈ ಹೂಟ್’ ಎಂಬಂಥ, ಪ್ರಥಮೆ ಮತ್ತು ದ್ವಿತೀಯೆಗಳಿಗೆ ಸಮಾನವಾದ ರೂಪ ಅದರ ಜಾಗಕ್ಕೆ ಬಂದಿದೆ. ಇಂಗ್ಲಿಷಿನ ವಿಭಕ್ತಿರಹಿತ ನಾಮಪದ ವ್ಯವಸ್ಥೆಯತ್ತ ಅವರ ಡಚ್ ಸರಿದಿದೆ. ಅಂದರೆ ಸಾಯುತ್ತಿರುವ ರೂಪ ವ್ಯಾಕರಣದಲ್ಲಿ ಸಂಪ್ರದಾಯನಿಷ್ಠ, ಬದುಕುತ್ತಿರುವ ರೂಪ ಪರಿವರ್ತನಶೀಲ.

ಇಂಗ್ಲಿಷಿನಲ್ಲಿ ಚಿತ್ರ ತಲೆಕೆಳಗಾಗುತ್ತದೆ. ಡಚ್ ಛಾಯೆಯ ಇಂಗ್ಲಿಷ್ ಹೆಚ್ಚಾಗಿ ಕೇಳಿಬರುವುದು ಚರ್ಚಿನವರಲ್ಲಿ, ಸರಳಪಂಥೀಯರಲ್ಲಿ ಅಲ್ಲ. ಕಡುಬು ಮುಗಿದುಹೋಯಿತು ಎನ್ನಲು ‘ದ ಪೈ ಈಸ್ ಆಲ್’ ಎನ್ನುವುದು, ದೀಪ ಆರಿಸು ಎನ್ನಲು ‘ಔಟನ್ ದ ಲೈಟ್’ ಎನ್ನುವುದು ಈ ಪ್ರದೇಶದ ಇಂಗ್ಲಿಷಿನ ಪ್ರಸಿದ್ಧ ಲಕ್ಷಣಗಳು. ‘ಇಟ್ ವಂಡರ್ಸ್ ಮಿ’ ಎಂಬ ಇನ್ನೊಂದು ಪ್ರಯೋಗದಲ್ಲಿ ಅನುಭವಿಸುವವನು ಕರ್ತೃಸ್ಥಾನದಲ್ಲಿಲ್ಲ; ‘ನನಗೆ ಆಶ್ಚರ್ಯವಾಗುತ್ತದೆ’ ಎಂಬ ನಮ್ಮ ವಾಕ್ಯರಚನೆಯ ಓದುಗರಿಗೆ ಅದರ ತರ್ಕ ತಟ್ಟನೆ ಹೊಳೆಯುತ್ತದೆ. ಪಲ್ಲಟ ಹೊಂದಿದ ಗುಂಪು ತನ್ನ ಹಳೆಯ ಭಾಷೆಯ ಗುರುತನ್ನು ಹೊಸ ಭಾಷೆಯೊಳಗೆ ಸಾಗಿಸಿದೆ. ಪಲ್ಲಟ ಹೊಂದದ ಗುಂಪಿಗೆ ಆ ಅಗತ್ಯವಿಲ್ಲ. ಗುರುತಿಗೆ ಮನೆಮಾತೇ ಇದೆ. ಇಂಗ್ಲಿಷ್ ಕೇವಲ ಇಂಗ್ಲಿಷಾಗಿದ್ದರೆ ಸಾಕು.

ಪದಕೋಶವೂ ಗಮನಾರ್ಹ. ಪೆನ್ಸಿಲ್ವೇನಿಯಾ ಡಚ್ಚಿನಲ್ಲಿ ಇಂಗ್ಲಿಷ್ ಎರವಲುಗಳ ಪ್ರಮಾಣ ಶೇಕಡ 10ರಿಂದ 15ರಷ್ಟು ಎಂಬುದು ಲೌಡನ್ ಅವರ ಅಂದಾಜು. ಶತಮಾನಗಳ ಸಂಪರ್ಕವನ್ನು ನೆನೆದರೆ ಇದು ಸಾಧಾರಣ ಪ್ರಮಾಣವೇ. ಮೇಲ್ನೋಟಕ್ಕೆ ಕಾಣುವ ಪದಗಳಿಗಿಂತ ಒಳಗಿನ ರಚನೆಯೇ ಹೆಚ್ಚು ಬದಲಾಗಿದೆ.

ಇಲ್ಲಿ ಕುಪ್ವಾಡದ ನೆನಪಾಗದಿರದು. ಕನ್ನಡ ಮತ್ತು ಮರಾಠಿ ಗಡಿಯ ಆ ಹಳ್ಳಿಯನ್ನು ಕುರಿತು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮಲ್ಲಿ ಸುಪರಿಚಿತ. ಅಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆಗಳು ಒಂದರತ್ತ ಒಂದು ಸರಿದು ಹೆಚ್ಚುಕಡಿಮೆ ಪದಕ್ಕೆ ಪದ ಅನುವಾದಿಸಬಹುದಾದಷ್ಟು ಒಮ್ಮುಖವಾಗಿದ್ದವು. ಆದರೆ ಮನೆಯ ವಲಯವನ್ನು ಹೊರವಲಯದಿಂದ ಬೇರ್ಪಡಿಸುವ ಕಟ್ಟುಪಾಡು ಬಿಗಿಯಾಗಿದ್ದುದರಿಂದ ಯಾವ ಮನೆಮಾತೂ ಕಣ್ಮರೆಯಾಗಿರಲಿಲ್ಲ. ಕುಪ್ವಾಡದ ಕನ್ನಡ ಮತ್ತು ಕುಟ್ಸ್‌ಟೌನಿನ ಸರಳಪಂಥೀಯರ ಡಚ್ ಒಂದೇ ಪಾಠವನ್ನು ಹೇಳುತ್ತವೆ: ರಚನೆಯ ಒಮ್ಮುಖತೆ ಅಳಿವಿನ ಲಕ್ಷಣವಲ್ಲ. ಇಬ್ಭಾಷಿಕ ಬದುಕು ದೀರ್ಘವಾಗಿ, ಸ್ಥಿರವಾಗಿ ನಡೆದಿದೆ ಎಂಬುದರ ಗುರುತು ಅದಾಗಿರಬಹುದು. ‘ಶುದ್ಧ’ವಾಗಿ ಉಳಿದ ಚರ್ಚಿನವರ ಚತುರ್ಥಿ, ದಿನನಿತ್ಯದ ಬಳಕೆ ಸಡಿಲಗೊಂಡು ಭಾಷೆ ಒಂದು ಕಾಲಘಟ್ಟದಲ್ಲಿ ನಿಂತುಹೋದುದರ ಗುರುತೂ ಆಗಿರಬಹುದು.

8. ಎರಡು ಬರವಣಿಗೆಗಳು

ಬರವಣಿಗೆಯಲ್ಲಿಯೂ ಈ ಕವಲನ್ನು ಕಾಣಬಹುದು. ಚರ್ಚಿನವರ ವಿದ್ವತ್ ಪರಂಪರೆ ಜರ್ಮನ್ ಕಾಗುಣಿತವನ್ನು ಆಧರಿಸಿದ ಬಫಿಂಗ್ಟನ್ ಮತ್ತು ಬಾರ್ಬಾ ಪದ್ಧತಿಯನ್ನು ಬಳಸುತ್ತದೆ. 1994ರಲ್ಲಿ ಬಂದ ಹೊಸ ಒಡಂಬಡಿಕೆ ಮತ್ತು 2013ರಲ್ಲಿ ಪೂರ್ಣಗೊಂಡ ಬೈಬಲ್ ಅನುವಾದ ಮುಖ್ಯವಾಗಿ ಸರಳಪಂಥೀಯರನ್ನು ಉದ್ದೇಶಿಸಿದವು. ಅವುಗಳ ಕಾಗುಣಿತ ಇಂಗ್ಲಿಷನ್ನು ಆಧರಿಸಿದ್ದು. ಒಂದು ಪದ್ಧತಿ ಭಾಷೆಯ ಮೂಲವನ್ನು ನೋಡುತ್ತದೆ, ಇನ್ನೊಂದು ಓದುಗರ ಇಂದಿನ ಅಕ್ಷರಜ್ಞಾನವನ್ನು. ಆದರೆ ಆರಾಧನೆಯಲ್ಲಿ ಸರಳಪಂಥೀಯರು ಇಂದಿಗೂ ಲೂಥರನ ಜರ್ಮನ್ ಬೈಬಲನ್ನೇ ಬಳಸುತ್ತಾರೆ, ಪತ್ರವ್ಯವಹಾರವನ್ನು ಇಂಗ್ಲಿಷಿನಲ್ಲಿ ನಡೆಸುತ್ತಾರೆ. ಚರ್ಚಿನವರು ಕಳೆದುಕೊಂಡ ಮೂರು ಭಾಷೆಗಳ ಹಳೆಯ ವ್ಯವಸ್ಥೆ ಇವರಲ್ಲಿ ಇನ್ನೂ ನಡೆಯುತ್ತಿದೆ. ಬರವಣಿಗೆಯಿಲ್ಲದಿರುವುದನ್ನು ಕೊರತೆಯೆಂದು ಎಣಿಸುವ ನಮ್ಮ ಅಭ್ಯಾಸಕ್ಕೂ ಇಲ್ಲಿ ಒಂದು ಪ್ರಶ್ನೆಯಿದೆ.

9. ಸಮಾರೋಪ

ತಲೆಮಾರಿನಿಂದ ತಲೆಮಾರಿಗೆ ಮನೆಯಲ್ಲಿ ನಡೆಯುವ ಹಸ್ತಾಂತರವೇ ಭಾಷೆಯ ಉಳಿವಿನ ತಿರುಳು ಎಂದು ಜೋಶುವಾ ಫಿಶ್‌ಮನ್ 1991ರಲ್ಲಿಯೇ ವಾದಿಸಿದ್ದರು. ಕುಟ್ಸ್‌ಟೌನ್ ಆ ವಾದವನ್ನು ದೃಢಪಡಿಸುವುದರ ಜೊತೆಗೆ ಅದರ ಕಷ್ಟದ ಬದಿಯನ್ನೂ ತೆರೆದಿಡುತ್ತದೆ. ಸರಳಪಂಥೀಯರ ಮನೆಯಲ್ಲಿ ಹಸ್ತಾಂತರ ನಡೆಯುವುದು ಭಾಷಾ ಯೋಜನೆಯಿಂದಲ್ಲ. ಲೋಕದಿಂದ ಬೇರೆಯಾಗಿ ಬದುಕಬೇಕೆಂಬ ಧಾರ್ಮಿಕ ನಿಯಮದ ಉಪಫಲವಾಗಿ. ಆ ನಿಯಮಕ್ಕೆ ಬೆಲೆಯಿದೆ. ಎಂಟನೆಯ ತರಗತಿಗೆ ಮುಗಿಯುವ ಓದು, ಬಂಡಿಯ ವ್ಯಾಪ್ತಿಗೆ ಸೀಮಿತವಾದ ಆಯ್ಕೆಗಳು ಆ ಬೆಲೆಯ ಭಾಗ. ಹಾರ್ನನ ಶಾಲೆಯಲ್ಲಿ ಕಲಿತವರು ಆ ಬೆಲೆಯನ್ನು ತೆರಲು ಒಪ್ಪದೆ ಏಣಿ ಹತ್ತಿದರು. ಅವರ ಮೊಮ್ಮಕ್ಕಳು ಅದೇ ಊರಿನಲ್ಲಿ ಉತ್ಸವ ಕಟ್ಟಿದರು. ಇವರಲ್ಲಿ ಯಾರನ್ನೂ ಭಾಷಾದ್ರೋಹಿಗಳೆಂದಾಗಲಿ, ಭಾಷಾರಕ್ಷಕರೆಂದಾಗಲಿ ಕರೆಯುವುದು ಚರಿತ್ರೆಯ ಸರಳೀಕರಣ.

ಭಾಷಾ ಸಾತತ್ಯವನ್ನು ಅಳೆಯಲು ಸಂಸ್ಥೆಗಳನ್ನು, ಪ್ರಕಟಣೆಗಳನ್ನು, ಜನರ ಅಭಿಮಾನವನ್ನು ಎಣಿಸುವ ಪಟ್ಟಿಗಳು ಕುಟ್ಸ್‌ಟೌನಿನ ಚರ್ಚಿನವರಿಗೆ ಹೆಚ್ಚು ಅಂಕ ನೀಡುತ್ತವೆ. ಅಭಿಮಾನದ ಪ್ರದರ್ಶನವೇ ಸಲ್ಲದೆಂದು ನಂಬುವ ಬಂಡಿಯ ಜನರಿಗೆ ಆ ಪಟ್ಟಿಯಲ್ಲಿ ಸ್ಥಾನವೇ ಇಲ್ಲ. ಸಣ್ಣ ಭಾಷೆಗಳ ಸ್ಥಿತಿಗತಿಯ ಸಮೀಕ್ಷೆಗೆ ಹೊರಡುವ ಸಂಶೋಧಕರು, ಮಗುವಿನೊಡನೆ ಯಾರು ಯಾವ ನುಡಿಯಲ್ಲಿ, ದಿನದ ಯಾವ ಕೆಲಸಕ್ಕಾಗಿ ಮಾತಾಡುತ್ತಾರೆ ಎಂಬ ಪ್ರಶ್ನೆಯನ್ನು ಮೊದಲು ಕೇಳಿ, ಹಬ್ಬ ಮತ್ತು ನಿಘಂಟುಗಳ ಲೆಕ್ಕವನ್ನು ಅನಂತರಕ್ಕೆ ಇಟ್ಟುಕೊಳ್ಳುವುದು ಒಳಿತು. ವ್ಯಾಕರಣದಲ್ಲಿ ಬದಲಾವಣೆ ಕಂಡಾಗ ಅದನ್ನು ಸವಕಳಿಯೆಂದು ಬರೆಯುವ ಮೊದಲು, ಆ ಬದಲಾದ ರೂಪವನ್ನು ಮಕ್ಕಳು ಆಡುತ್ತಿದ್ದಾರೆಯೇ ಎಂದು ವಿಚಾರಿಸಬೇಕು. ಕುಟ್ಸ್‌ಟೌನಿನ ಹೊಲಗಳಲ್ಲಿ ಚತುರ್ಥಿಯಿಲ್ಲದ ಡಚ್ಚನ್ನು ಆಡುತ್ತಿರುವವರಲ್ಲಿ ಮಕ್ಕಳೂ ಇದ್ದಾರೆ.